ಒಂದೇ ಪೆಟ್ಟಿಗೆ, ಎರಡು ವಯಸ್ಸು: 1986ರ ಬೋರ್ಡೋ ವೈನಿನ ಒಂದು ಪ್ರಕರಣ

2016ರ ಅಕ್ಟೋಬರ್ ಕೊನೆಯಲ್ಲಿ ಡಾಕ್ಟರು ಫೋನ್ ಮಾಡಿದರು. ಮೈಸೂರು ಕಡೆಯವರು, ಇಂಗ್ಲೆಂಡಿಗೆ ಬಂದು ಆಗಲೇ ಮೂವತ್ತೈದು ವರ್ಷ ಕಳೆದಿತ್ತು. "ಬರುವ ಜುಲೈಗೆ ಮಗಳ ಮದುವೆ. ಅವಳು ಹುಟ್ಟಿದ ವರ್ಷದ ವೈನ್ ಹತ್ತು ಬಾಟಲಿ ಉಳಿದಿದೆ. ಹಿಂದೆ ಎರಡು ಸಲ ತೆಗೆದು ನೋಡಿದೆ, ಎರಡು ಸಲವೂ ಬಾಯಿಗೆ ಬರೀ ಒಗರು. ಈಗಲಾದರೂ ಕುಡಿಯುವ ಹದಕ್ಕೆ ಬಂದಿದೆಯೋ, ಇಲ್ಲ ಕಾದು ಕಾದು ಕೆಟ್ಟೇ ಹೋಗಿದೆಯೋ, ನೀವೇ ಬಂದು ಹೇಳಬೇಕು."

ಹಳೆಯ ವೈನ್ ಸಂಗ್ರಹಗಳನ್ನು ನೋಡಿ ಯಾವುದನ್ನು ಈಗ ಕುಡಿಯಬೇಕು, ಯಾವುದನ್ನು ಇನ್ನೂ ಇಡಬೇಕು, ಯಾವುದನ್ನು ಮಾರಿಬಿಡಬೇಕು ಎಂದು ಹೇಳುವುದು ನನ್ನ ಉದ್ಯೋಗ. ಲಂಡನ್ನಿನಲ್ಲಿದ್ದುಕೊಂಡು ಇಂಥ ಪೆಟ್ಟಿಗೆಗಳನ್ನು ಸಾಕಷ್ಟು ನೋಡಿದ್ದೇನೆ. ಆದರೂ ಈ ಒಂದನ್ನು ಆಯ್ದು ಪೂರ್ತಿ ಬರೆಯುತ್ತಿರುವುದಕ್ಕೆ ಕಾರಣವಿದೆ. ಒಂದೇ ತೋಟದ, ಒಂದೇ ವರ್ಷದ, ಒಂದೇ ಮರದ ಪೆಟ್ಟಿಗೆಯ ಬಾಟಲಿಗಳು ಹದಿನೆಂಟು ವರ್ಷಗಳ ಕಾಲ ಎರಡು ಬೇರೆ ಬೇರೆ ಜಾಗಗಳಲ್ಲಿ ಮಲಗಿದ್ದವು. ಬೇಕೆಂದೇ ಯಾರೂ ಹಾಗೆ ಮಾಡುವುದಿಲ್ಲ. ಮಾಡಿದ್ದರಿಂದ ಮಾತ್ರ ನನಗೆ ಕೆಲವು ಸಂಗತಿಗಳು ಸ್ಪಷ್ಟವಾದವು.

ಪೆಟ್ಟಿಗೆಯ ಚರಿತ್ರೆ

ವೈನ್ ಫ್ರಾನ್ಸಿನ ಬೋರ್ಡೋ ಸೀಮೆಯ ಮೆದೋಕ್ ಪ್ರದೇಶದ ಸಾಂ-ಜೂಲಿಯಾಂ ಊರಿನದು. ಅಲ್ಲಿಯ ಶಾತೋಗಳನ್ನು, ಅಂದರೆ ವೈನ್ ಮಾಡುವ ತೋಟದ ಮನೆಗಳನ್ನು, ದರ್ಜೆಗಳಾಗಿ ವಿಂಗಡಿಸಿದ 1855ರ ವರ್ಗೀಕರಣದಲ್ಲಿ ಎರಡನೆಯ ದರ್ಜೆ ಪಡೆದವುಗಳಲ್ಲಿ ಒಂದು. ಹೆಸರು ಇಲ್ಲಿ ಬೇಡ. ಈ ಕಥೆ ಆ ಶಾತೋದ ಬಗ್ಗೆ ಅಲ್ಲ. ಮಗಳು ಹುಟ್ಟಿದ್ದು 1986ರ ಅಕ್ಟೋಬರ್‌ನಲ್ಲಿ, ಮೆದೋಕಿನಲ್ಲಿ ಕೊಯ್ಲು ನಡೆಯುತ್ತಿದ್ದ ದಿನಗಳಲ್ಲೇ. ವೈನ್ ಪೀಪಾಯಿಯಲ್ಲಿ ಕಾಲ ಕಳೆದು ಬಾಟಲಿಗೆ ಇಳಿದ ಮೇಲೆ, 1989ರಲ್ಲಿ, ಡಾಕ್ಟರು ಹನ್ನೆರಡು ಬಾಟಲಿಗಳ ಒಂದು ಪೆಟ್ಟಿಗೆ ಕೊಂಡರು. ಆಗ ಅವರಿಗೆ ವೈನ್ ಬಗ್ಗೆ ಏನೂ ಗೊತ್ತಿರಲಿಲ್ಲ. ಆಸ್ಪತ್ರೆಯ ಹಿರಿಯ ಸಹೋದ್ಯೋಗಿಯೊಬ್ಬರು, "ಮಗು ಹುಟ್ಟಿದ ವರ್ಷದ ಬೋರ್ಡೋ ಕೊಂಡಿಡು, ಅವಳು ದೊಡ್ಡವಳಾಗುವ ಹೊತ್ತಿಗೆ ಅದೂ ದೊಡ್ಡದಾಗುತ್ತದೆ" ಎಂದಿದ್ದರಂತೆ. ಮಗಳ ಹೆಸರಿನಲ್ಲಿ ತೆಂಗಿನ ಸಸಿ ನೆಡುವ ಊರಿನಿಂದ ಬಂದವರಿಗೆ ಆ ಮಾತು ಮನಸ್ಸಿಗೆ ಹಿಡಿಸಿತು.

ಪೆಟ್ಟಿಗೆ ವ್ಯಾಪಾರಿಯ ನೆಲಮಾಳಿಗೆಯಲ್ಲೇ ಬಾಡಿಗೆಗೆ ಇತ್ತು. ಅಲ್ಲಿ ವರ್ಷವಿಡೀ 12ರಿಂದ 13 ಡಿಗ್ರಿ, ಸಾಕಷ್ಟು ತೇವ, ಕತ್ತಲೆ. 1998ರಲ್ಲಿ ಹೊಸ ಮನೆ ಕೊಂಡಾಗ, ಮನೆಯಲ್ಲೂ ಒಂದಿಷ್ಟು ಇರಲಿ ಎಂದು ಆರು ಬಾಟಲಿಗಳನ್ನು ತಂದರು. ಮೆಟ್ಟಿಲ ಕೆಳಗಿನ ಬೀರುವಿನಲ್ಲಿ ಅಡ್ಡ ಮಲಗಿಸಿಟ್ಟರು. ಇಂಗ್ಲೆಂಡಿನ ಮನೆಗಳಲ್ಲಿ ವೈನ್ ಇಡಲು ಎಲ್ಲರಿಗೂ ಹೊಳೆಯುವ ಜಾಗ ಅದೇ. ಕತ್ತಲೆ ಇತ್ತು, ಅಲುಗಾಟ ಇರಲಿಲ್ಲ. ಆದರೆ ಆ ಬೀರುವಿನ ಹಿಂಗೋಡೆಯೊಳಗೆ ಮನೆ ಬೆಚ್ಚಗಿಡುವ ಬಿಸಿನೀರಿನ ಕೊಳವೆ ಹಾದುಹೋಗಿತ್ತು. ಹದಿನೆಂಟು ವರ್ಷ ಯಾರೂ ಅದನ್ನು ಗಮನಿಸಿರಲಿಲ್ಲ.

ಮನೆಗೆ ತಂದ ವರ್ಷವೇ ಒಂದು ಬಾಟಲಿ ತೆಗೆದರು. ವೈನಿಗೆ ಆಗ ಹನ್ನೆರಡು ವರ್ಷ. ಶಾಯಿಯಂತೆ ಕಪ್ಪು, ಒಗರು ಬಿಟ್ಟರೆ ಮತ್ತೇನೂ ನಾಲಗೆಗೆ ಸಿಗಲಿಲ್ಲ. ಎರಡನೆಯದನ್ನು 2007ರಲ್ಲಿ, ಮಗಳಿಗೆ ಇಪ್ಪತ್ತೊಂದು ತುಂಬಿದ ದಿನ ತೆಗೆದರು. ಅದೂ ಗಡಸು. ಮಗಳು ಎರಡು ಗುಟುಕು ಕುಡಿದು, "ಚೆನ್ನಾಗಿದೆ ಅಪ್ಪ" ಎಂದು ಲೋಟ ಪಕ್ಕಕ್ಕಿಟ್ಟಳಂತೆ. ಡಾಕ್ಟರಿಗೆ ಅದು ಒಂಬತ್ತು ವರ್ಷ ಮನಸ್ಸಿನಲ್ಲಿ ಉಳಿದಿತ್ತು. ಹಾಗಾಗಿ ಲೆಕ್ಕ ಇಷ್ಟು: ಮನೆಯಲ್ಲಿ ನಾಲ್ಕು, ನೆಲಮಾಳಿಗೆಯಲ್ಲಿ ಆರು.

ಆ ಇಪ್ಪತ್ತೊಂದರ ಊಟಕ್ಕೆ ಏನು ಮಾಡಿದ್ದಿರಿ ಎಂದು ಕೇಳಿದೆ. "ಮಟನ್ ಸಾರು, ಮುದ್ದೆ" ಎಂದರು ಅವರ ಮನೆಯವರು. ಬಾಟಲಿಯನ್ನು ಎಷ್ಟು ಹೊತ್ತು ಮೊದಲು ತೆಗೆದಿದ್ದಿರಿ? ಊಟಕ್ಕೆ ಕೂತ ಮೇಲೆ. ಇದನ್ನು ಬರೆದಿಟ್ಟುಕೊಂಡೆ. ಮೆಣಸಿನಕಾಯಿಯ ಖಾರ ನಾಲಗೆಯ ಮೇಲಿರುವಾಗ ಎಂಥ ವೈನಿನ ಒಗರೂ ಎರಡು ಪಟ್ಟು ಚುಚ್ಚುತ್ತದೆ. 2007ರ ಬಾಟಲಿ ಗಡಸಾಗಿದ್ದದ್ದು ನಿಜವಿರಬಹುದು, ಆದರೆ ಆ ದಿನದ ಸಾಕ್ಷ್ಯವನ್ನು ನಂಬುವಂತಿರಲಿಲ್ಲ.

ಒಗರಿನ ಬಗ್ಗೆ ಸ್ವಲ್ಪ

ನಾನು ತೀರ್ಥಹಳ್ಳಿ ಕಡೆಯ ಅಡಿಕೆ ಮನೆಯವನು. ಬೋರ್ಡೋ ಎಂಬ ಹೆಸರನ್ನು ಮೊದಲು ಕೇಳಿದ್ದು ತೋಟದಲ್ಲಿ. ಮಳೆ ಹಿಡಿಯುವ ಮೊದಲು ಮೈಲುತುತ್ತ, ಸುಣ್ಣ ಕಲಸಿ ಅಡಿಕೆ ಗೊನೆಗೆ ಹೊಡೆಯುವ ಮದ್ದಿಗೆ ಮಲೆನಾಡಿನ ಪ್ರತಿ ಮನೆಯಲ್ಲೂ ಬೋರ್ಡೋ ಎಂದೇ ಹೆಸರು. ಆ ಮದ್ದು ಹುಟ್ಟಿದ್ದು ಈ ವೈನ್ ಹುಟ್ಟಿದ ಊರಿನಲ್ಲೇ ಎಂದು ತಿಳಿದದ್ದು ಬಹಳ ತಡವಾಗಿ. 1880ರ ದಶಕದಲ್ಲಿ ಸಾಂ-ಜೂಲಿಯಾಂ ಊರಿನ ದ್ರಾಕ್ಷಿ ತೋಟವೊಂದರಲ್ಲಿ, ದಾರಿಹೋಕರು ಹಣ್ಣು ಕೀಳದಿರಲಿ ಎಂದು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಎರಚುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ಬೂಜು ರೋಗ ತಗಲದಿರುವುದನ್ನು ಬೋರ್ಡೋ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮಿಯಾರ್ದೆ ಕಂಡರು. 1885ರಲ್ಲಿ ದ್ರಾವಣದ ಕ್ರಮವನ್ನು ಪ್ರಕಟಿಸಿದರು. ಇಪ್ಪತ್ತೈದು ವರ್ಷಗಳ ನಂತರ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅದನ್ನೇ ನಮ್ಮ ಕೊಳೆ ರೋಗಕ್ಕೆ ತಂದರು. ಆ ಊರಿನ ಮೇಲೆ ನನಗಿರುವ ಪ್ರೀತಿಯಲ್ಲಿ ಈ ಋಣದ ಪಾಲೂ ಇದೆ.

ಅಡಿಕೆ ಮನೆಯಿಂದ ಬಂದದ್ದರ ಇನ್ನೊಂದು ಲಾಭ ಚೊಗರು. ಎಳೆ ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಕಡುಗೆಂಪು ನೀರಿಗೆ ಬೆರಳದ್ದಿ ನೆಕ್ಕಿದ ಹುಡುಗನಿಗೆ, ಒಗರು ಕೊಡುವ ವಸ್ತುವಾದ ಟ್ಯಾನಿನ್ ಎಂದರೇನು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಇಲ್ಲಿಯ ಎಷ್ಟೋ ಜನ ಕಹಿ ಮತ್ತು ಒಗರನ್ನು ಒಂದರೊಳಗೊಂದು ಕಲಸಿಬಿಡುತ್ತಾರೆ. ಹಾಗಲಕಾಯಿ ಕಹಿ, ಬಾಳೆಕಾಯಿ ಒಗರು ಎಂಬುದು ನಮ್ಮ ಮಕ್ಕಳಿಗೂ ಗೊತ್ತು. ಒಗರು ರುಚಿಗಿಂತ ಹೆಚ್ಚಾಗಿ ಸ್ಪರ್ಶ. ಟ್ಯಾನಿನ್ ನಮ್ಮ ಜೊಲ್ಲಿನಲ್ಲಿರುವ ಪ್ರೋಟೀನಿಗೆ ಅಂಟಿಕೊಂಡು ಅದನ್ನು ಒಡೆದ ಹಾಲಿನಂತೆ ಬೇರ್ಪಡಿಸುತ್ತದೆ, ಬಾಯಿಯ ಜಾರುತನ ಹೋಗಿ ವಸಡು, ಕೆನ್ನೆಯ ಒಳಭಾಗ ಒಣಗಿದಂತಾಗುತ್ತದೆ. ಕಡಕ್ ಚಹಾಕ್ಕೆ ಹಾಲು ಹಾಕಿದರೆ ಒಗರು ಇಳಿಯುವುದೂ ಇದೇ ಕಾರಣಕ್ಕೆ, ಅಲ್ಲಿ ಟ್ಯಾನಿನ್‌ಗೆ ಹಾಲಿನ ಪ್ರೋಟೀನ್ ಸಿಗುತ್ತದೆ.

ಮೆದೋಕಿನ ಕೆಂಪು ವೈನಿಗೆ ಈ ಟ್ಯಾನಿನ್ ಬರುವುದು ಮುಖ್ಯವಾಗಿ ಕ್ಯಾಬರ್ನೆ ಸೊವಿನ್ಯೊನ್ ದ್ರಾಕ್ಷಿಯ ಸಿಪ್ಪೆ, ಬೀಜಗಳಿಂದ. ಸ್ವಲ್ಪ ಓಕ್ ಪೀಪಾಯಿಯಿಂದ. ಬಾಟಲಿಯೊಳಗೆ ವರ್ಷಗಟ್ಟಲೆ ಅದು ಬಣ್ಣದ ಕಣಗಳ ಜತೆ, ತನ್ನ ಜತೆ ಕೂಡಿಕೊಳ್ಳುತ್ತಾ ಬದಲಾಗುತ್ತದೆ, ಒಂದು ಪಾಲು ಗಷ್ಟಾಗಿ ಕೆಳಗೆ ಕೂರುತ್ತದೆ. ವೈನ್ ನೇರಳೆಯಿಂದ ಕೆಂಪಿಗೆ, ಕೆಂಪಿನಿಂದ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ, ಒಗರು ಮೃದುವಾಗುತ್ತದೆ. ಇದು ಒಂದು ಗಡಿಯಾರ. ಇನ್ನೊಂದು ಗಡಿಯಾರ ಹಣ್ಣಿನದು. ಎಳೆಯ ವೈನಿನಲ್ಲಿ ಕಪ್ಪು ಕರಂಟು ಹಣ್ಣಿನ ಘಮ ಎದ್ದು ಬರುತ್ತದೆ. ಕಾಲ ಕಳೆದಂತೆ ಅದು ದೇವದಾರು, ಹೊಗೆಸೊಪ್ಪು, ಸೀಸದಕಡ್ಡಿ ಹೆರೆದ ವಾಸನೆ, ಚರ್ಮ, ಮಳೆ ಬಿದ್ದ ತರಗೆಲೆ ಎಂದು ಬಗೆಬಗೆಯಾಗಿ ಹರಡಿ, ಕೊನೆಗೆ ಸೊರಗುತ್ತದೆ. ಎರಡೂ ಗಡಿಯಾರ ಒಂದೇ ವೇಗದಲ್ಲಿ ನಡೆಯಬೇಕೆಂಬ ನಿಯಮವೇನೂ ಇಲ್ಲ. ಹಳೆಯ ಬೋರ್ಡೋ ಬಗ್ಗೆ ಜನ ಮಾಡುವ ದೊಡ್ಡ ತಪ್ಪು ಮೊದಲ ಗಡಿಯಾರವನ್ನಷ್ಟೇ ನೋಡುವುದು. "ಒಗರು ಇಳಿದಿಲ್ಲ, ಇನ್ನೂ ಕಾಯೋಣ" ಎನ್ನುತ್ತಾರೆ. 1975ರ ವೈನುಗಳಿಗೆ ಹೀಗೇ ಆಯಿತು. ಒಣ ಬೇಸಿಗೆ, ದಪ್ಪ ಸಿಪ್ಪೆ, ಭಾರೀ ಟ್ಯಾನಿನ್. ನಲವತ್ತು ವರ್ಷ ಬಾಳುತ್ತದೆ ಎಂದು ಜನ ಕಾದರು. ಕೆಲವು ಬಾಳಿದವು. ಬಹಳಷ್ಟರಲ್ಲಿ ಹಣ್ಣು ಒಣಗಿತು, ಒಗರು ಹಾಗೇ ನಿಂತಿತು.

1986ಕ್ಕೂ ಇದೇ ಭಯ ಇತ್ತು. ಆ ವರ್ಷ ಬೇಸಿಗೆ ಒಣಗಿತ್ತು, ಸೆಪ್ಟೆಂಬರ್ ಕೊನೆಯಲ್ಲಿ ಜೋರು ಮಳೆ ಬಂತು, ಆಮೇಲೆ ಮತ್ತೆ ಬಿಸಿಲು. ತಡವಾಗಿ ಮಾಗುವ ಕ್ಯಾಬರ್ನೆಗೆ ಆ ಬಿಸಿಲು ಸಿಕ್ಕಿತು. ಫಸಲೂ ದೊಡ್ಡದು. ನಾಲ್ಕು ವರ್ಷ ಮೊದಲಿನ 1982ರ ವೈನ್ ಎಳೆಯದಿರುವಾಗಲೇ ಮೈದುಂಬಿ ಎಲ್ಲರಿಗೂ ಪ್ರಿಯವಾಗಿತ್ತು. 1986 ಅದರ ವಿರುದ್ಧ ಸ್ವಭಾವದ್ದು, ಮೆದೋಕಿನಲ್ಲಿ ಬಹು ಗಡಸು. ಬೇರೆ ವರ್ಷದವು ಹದಿನೈದಕ್ಕೆ ಬಾಯಿ ಬಿಟ್ಟರೆ ಇದು ಮೂವತ್ತಕ್ಕೂ ಮುಷ್ಟಿ ಬಿಗಿಹಿಡಿದು ಕೂತಿತ್ತು. ಡಾಕ್ಟರ ಹತ್ತಿರ ಇದ್ದ ಪುಸ್ತಕ 2000ದಿಂದ 2020ರ ನಡುವೆ ಕುಡಿಯಬಹುದು ಎಂದಿತ್ತು. ಇಂಥ ಕೋಷ್ಟಕಗಳನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಅವು ಸರಿಯಾದ ನೆಲಮಾಳಿಗೆಯ, ಸರಿಯಾದ ಕಾರ್ಕಿನ ಸರಾಸರಿ ಬಾಟಲಿಗೆ ಬರೆದವು. ಮೆಟ್ಟಿಲ ಕೆಳಗಿನ ಬಾಟಲಿಯ ಮಾತು ಅವುಗಳಲ್ಲಿ ಇರುವುದಿಲ್ಲ.

ನವೆಂಬರ್‌ನ ಪರೀಕ್ಷೆ

ಡಾಕ್ಟರ ಮುಂದೆ ಮೂರು ದಾರಿ ಇದ್ದವು. ಮದುವೆಗೆ ಎಲ್ಲ ತೆಗೆಯುವುದು, ಎಲ್ಲ ಇನ್ನೂ ಹತ್ತು ವರ್ಷ ಇಡುವುದು, ಮಾರುವುದು. ಮಾರಾಟದ ಮಾತು ಬೇಗ ಮುಗಿಯಿತು. ನೆಲಮಾಳಿಗೆಯ ಆರಕ್ಕೆ ಒಳ್ಳೆಯ ಬೆಲೆ ಬರುತ್ತಿತ್ತು, ಮನೆಯ ನಾಲ್ಕನ್ನು ಹರಾಜಿನವರು ಮುಟ್ಟುತ್ತಲೂ ಇರಲಿಲ್ಲ. ಅವರ ಮನೆಯವರು, "ಮಗಳ ಹೆಸರಿನಲ್ಲಿ ತಂದದ್ದನ್ನು ಮಾರುವುದುಂಟೇ?" ಎಂದರು. ಅಲ್ಲಿಗೆ ಆ ಬಾಗಿಲು ಮುಚ್ಚಿತು.

ಉಳಿದ ಎರಡನ್ನು ನಿರ್ಧರಿಸಲು ನಾನು ಎರಡು ಬಾಟಲಿಗಳ ಬಲಿ ಕೇಳಿದೆ, ಮನೆಯದೊಂದು, ನೆಲಮಾಳಿಗೆಯದೊಂದು. ಡಾಕ್ಟರು ಹಿಂಜರಿದರು. ಹತ್ತರಲ್ಲಿ ಎರಡು ಎಂದರೆ ಐದನೇ ಒಂದು ಪಾಲು. ಕಾರ್ಕಿನ ಮೂಲಕ ಸೂಜಿ ಚುಚ್ಚಿ, ಆರ್ಗಾನ್ ಅನಿಲ ತುಂಬಿ, ಒಂದಿಷ್ಟು ವೈನ್ ಮಾತ್ರ ಹೊರತೆಗೆಯುವ ಉಪಕರಣ ಈಗ ಇದೆಯಲ್ಲ ಎಂದು ಕೇಳಿದರು. ಮೂವತ್ತು ವರ್ಷದ ಕಾರ್ಕಿಗೆ ಅದನ್ನು ಚುಚ್ಚಲು ನನಗೆ ಧೈರ್ಯವಿಲ್ಲ, ಮೆತ್ತಗಾದ ಕಾರ್ಕು ಮತ್ತೆ ಮುಚ್ಚಿಕೊಳ್ಳುತ್ತದೆ ಎಂಬ ಭರವಸೆ ಇಲ್ಲ. ಜತೆಗೆ ಒಂದು ಗುಟುಕಿನಿಂದ ಹಳೆಯ ವೈನ್ ಅರ್ಥವಾಗುವುದಿಲ್ಲ. ಅದರ ಜತೆ ಎರಡು ದಿನ ಕೂರಬೇಕು.

ಮೊದಲು ಬಾಟಲಿಗಳನ್ನೇ ನೋಡಿದೆ. ನೆಲಮಾಳಿಗೆಯ ಆರರಲ್ಲೂ ವೈನಿನ ಮಟ್ಟ ಕತ್ತಿನ ಬುಡದಲ್ಲಿತ್ತು. ಮೂವತ್ತು ವರ್ಷಕ್ಕೆ ಇದು ಬಹಳ ಚೆನ್ನಾಗಿದೆ. ಮನೆಯ ನಾಲ್ಕರಲ್ಲಿ ಎರಡು ಭುಜದ ಮೇಲ್ಭಾಗಕ್ಕೆ, ಎರಡು ಭುಜದ ನಡುವಿಗೆ ಇಳಿದಿದ್ದವು. ಬೀರುವಿನಲ್ಲಿ ಗರಿಷ್ಠ-ಕನಿಷ್ಠ ತೋರಿಸುವ ಉಷ್ಣಮಾಪಕವನ್ನು ಒಂದು ವಾರ ಇಡಿಸಿದ್ದೆ. ಕನಿಷ್ಠ 16, ಗರಿಷ್ಠ 24. ಮುಂಜಾನೆ ಬಿಸಿನೀರು ಹರಿದಾಗ ಏರಿಕೆ, ರಾತ್ರಿ ಇಳಿಕೆ, ದಿನವೂ. ಬಿಸಿಗೆ ವೈನ್ ಹಿಗ್ಗಿ ಕಾರ್ಕನ್ನು ಒತ್ತುತ್ತದೆ, ತಣಿದಾಗ ಕುಗ್ಗಿ ಗಾಳಿ ಎಳೆದುಕೊಳ್ಳುತ್ತದೆ. ಹದಿನೆಂಟು ಚಳಿಗಾಲ ಆ ಬಾಟಲಿಗಳು ಹಾಗೆ ಉಸಿರಾಡಿದ್ದವು.

ಎರಡನ್ನೂ ಎರಡು ದಿನ ನೆಟ್ಟಗೆ ನಿಲ್ಲಿಸಿ ಗಷ್ಟು ಕೆಳಗೆ ಕೂರಿಸಿದೆವು. ನವೆಂಬರ್ ಎರಡನೆಯ ಶನಿವಾರ ಮಧ್ಯಾಹ್ನ ತೆಗೆದೆ. ಮನೆಯ ಬಾಟಲಿಯ ಕಾರ್ಕು ಉದ್ದಕ್ಕೂ ನೆನೆದು ಕಪ್ಪಾಗಿತ್ತು. ತಿರುಪು ಹಾಕಿದ್ದರೆ ಪುಡಿಯಾಗುತ್ತಿತ್ತು, ಎರಡು ತಗಡಿನ ಕಾಲಿರುವ ಚಿಮಟಿಗೆಯನ್ನು ಕಾರ್ಕಿನ ಅಕ್ಕಪಕ್ಕ ಇಳಿಸಿ ನಿಧಾನ ತಿರುಗಿಸುತ್ತಾ ಎಳೆದೆ. ನೆಲಮಾಳಿಗೆಯದರ ಕಾರ್ಕು ಕೆಳತುದಿಯಲ್ಲಷ್ಟೇ ಕೆಂಪು, ಉಳಿದದ್ದೆಲ್ಲ ಒಣ, ಬಿಗಿ.

ಲೋಟಗಳನ್ನು ಬಿಳಿ ಕಾಗದದ ಮೇಲೆ ಓರೆ ಹಿಡಿದಾಗ ಡಾಕ್ಟರು ಒಂದು ಕ್ಷಣ ಮಾತಾಡಲಿಲ್ಲ. ಒಂದು ಪೂರ್ತಿ ಇಟ್ಟಿಗೆಯ ಬಣ್ಣ, ನಡುವಿನಲ್ಲೂ ತೆಳು, ಕಾಗದದ ಮೇಲಿನ ಅಕ್ಷರ ಓದಬಹುದಿತ್ತು. ಇನ್ನೊಂದು ನಡುವೆ ಕಡುಗೆಂಪು, ಅಂಚಿನಲ್ಲಿ ಮಾತ್ರ ಇಟ್ಟಿಗೆಯ ಗೆರೆ. "ಇವೆರಡೂ ಒಂದೇ ಪೆಟ್ಟಿಗೆಯವಾ?" ಎಂದು ಅವರ ಮನೆಯವರು ಮತ್ತೆ ಮತ್ತೆ ಕೇಳಿದರು.

ಮನೆಯ ಬಾಟಲಿ ತೆಗೆದ ಕೂಡಲೇ ಚೆಲುವಾಗಿತ್ತು, ಹೊಗೆಸೊಪ್ಪು, ಹಳೆಯ ಚರ್ಮದ ಚೀಲ, ಒಣದ್ರಾಕ್ಷಿ. ಬಾಯಲ್ಲಿ ಮೊದಲು ಸಿಹಿಯ ನೆನಪು, ಆಮೇಲೆ ಅದು ಜಾರಿಹೋಗಿ ಒಣ ಒಗರು. ನೆಲಮಾಳಿಗೆಯದು ತೆಗೆದಾಗ ಏನನ್ನೂ ಕೊಡಲಿಲ್ಲ. ಎರಡು ಗಂಟೆ ಕಳೆದ ಮೇಲೆ ದೇವದಾರು ಬಂತು, ಅದರ ಹಿಂದೆ ಕಪ್ಪು ಹಣ್ಣು, ಒಗರು ಗಟ್ಟಿಯಾಗಿ ವಸಡಿನ ಮೇಲೆ.

ಈ ಹಂತದಲ್ಲಿ ನಾನು ನಂಬುವ ಪರೀಕ್ಷೆ ಒಂದೇ. ನುಂಗಿದ ಮೇಲೆ ಮಾತಾಡದೆ ಒಂದು ನಿಮಿಷ ಕೂತು, ಬಾಯಲ್ಲಿ ಕೊನೆಗೆ ಉಳಿಯುವುದು ಯಾವುದು ಎಂದು ನೋಡುವುದು. ಒಗರು ಕರಗಿ ಹಣ್ಣು ಉಳಿದರೆ ವೈನಿಗೆ ಇನ್ನೂ ದಾರಿ ಇದೆ, ಎಷ್ಟೇ ಗಡಸಾಗಿದ್ದರೂ ಕಾಯಬಹುದು. ಹಣ್ಣು ಕರಗಿ ಒಗರು ಉಳಿದರೆ ಕಾಯುವುದರಿಂದ ಒಂದು ಗುಂಜಿಯಷ್ಟೂ ಲಾಭವಿಲ್ಲ, ಇಂದೇ ಕುಡಿಯಬೇಕು. ಡಾಕ್ಟರಿಗೂ ಅವರ ಮನೆಯವರಿಗೂ ಬೇರೆ ಬೇರೆ ಕೂತು ಹೀಗೆ ನೋಡಲು ಹೇಳಿದೆ. ಇಬ್ಬರ ಉತ್ತರವೂ ಒಂದೇ: ಮನೆಯದರಲ್ಲಿ ಕೊನೆಗೆ ಒಗರು, ನೆಲಮಾಳಿಗೆಯದರಲ್ಲಿ ಕೊನೆಗೆ ಹಣ್ಣು.

ಅರ್ಧರ್ಧ ಬಾಟಲಿ ಉಳಿಸಿ, ಕಾರ್ಕು ಮುಚ್ಚಿ, ಅಡುಗೆಮನೆಯ ಕಟ್ಟೆಯ ಮೇಲೆ ಬಿಟ್ಟೆವು. ಮರುದಿನ ಮನೆಯದು ಚಪ್ಪೆಯಾಗಿ ವಿನಿಗರ್ ಕಡೆಗೆ ವಾಲಿತ್ತು. ನೆಲಮಾಳಿಗೆಯದು ಹಿಂದಿನ ದಿನಕ್ಕಿಂತ ಮೃದುವಾಗಿ, ಹಣ್ಣು ಮುಂದೆ ಬಂದು, ನಿಜಕ್ಕೂ ಸೊಗಸಾಗಿತ್ತು.

ಬೀರುವಿನ ಶಾಖ ವೈನನ್ನು ಬೇಗ ಹಣ್ಣು ಮಾಡಿತು ಎಂದು ಡಾಕ್ಟರು ಅರ್ಥ ಮಾಡಿಕೊಂಡರು. ಬಾಳೆಗೊನೆಯನ್ನು ಬೆಚ್ಚಗೆ ಅಡೆ ಹಾಕಿದ ಹಾಗೆ. ನಾನು ಒಪ್ಪಲಿಲ್ಲ. ಶಾಖಕ್ಕೆ ಬಾಟಲಿಯೊಳಗಿನ ಎಲ್ಲ ಕ್ರಿಯೆಗಳೂ ಒಂದೇ ಪ್ರಮಾಣದಲ್ಲಿ ವೇಗ ಪಡೆಯುವುದಿಲ್ಲ. ಈ ಬಾಟಲಿಯಲ್ಲಿ ಹಣ್ಣಿನ ಗಡಿಯಾರ ಓಡಿತ್ತು, ಒಗರಿನ ಗಡಿಯಾರ ಅದರ ಹಿಂದೆ ಕುಂಟುತ್ತಿತ್ತು. 12 ಡಿಗ್ರಿಯಲ್ಲಿ ಮೂವತ್ತು ವರ್ಷಕ್ಕೆ ಸಿಗುವುದನ್ನು 20 ಡಿಗ್ರಿಯಲ್ಲಿ ಹದಿನೈದಕ್ಕೆ ಪಡೆಯಬಹುದು ಎಂದು ಯಾರಾದರೂ ಹೇಳಿದರೆ ಆ ಎರಡು ಲೋಟಗಳನ್ನು ನೆನಪಿಸಿಕೊಳ್ಳುತ್ತೇನೆ.

ತೀರ್ಮಾನ ಹೀಗೆ ಬರೆದುಕೊಟ್ಟೆ. ಮನೆಯ ಮೂರನ್ನು ಮದುವೆಗೆ ಇಡಬೇಡಿ, ಬೇಸಿಗೆಯ ಒಳಗೆ ಮನೆಯವರೇ ಕುಡಿದು ಮುಗಿಸಿ. ನೆಲಮಾಳಿಗೆಯ ಐದರಲ್ಲಿ ಎರಡು ಮದುವೆಗೆ. ಉಳಿದ ಮೂರು 2022ರ ನಂತರ.

ಮನೆಯ ಮೂರು

ಡಿಸೆಂಬರ್ ರಜೆಯಲ್ಲಿ ಮೊದಲನೆಯದನ್ನು ತೆಗೆದಾಗ ನಾನೂ ಇದ್ದೆ, ತಪ್ಪು ಮಾಡಿದ್ದೂ ನಾನೇ. ಗಷ್ಟು ಬಿಡಿಸಲು ಮೇಣದಬತ್ತಿಯ ಬೆಳಕಿನಲ್ಲಿ ಅಗಲ ಬಾಯಿಯ ಗಾಜಿನ ಹೂಜಿಗೆ ಬಗ್ಗಿಸಿದೆ. ಊಟ ತಡವಾಯಿತು. ನಲವತ್ತು ನಿಮಿಷದಲ್ಲಿ ಘಮವೆಲ್ಲ ಹಾರಿಹೋಗಿ ಹುಳಿ ನೀರು ಉಳಿಯಿತು. ಗಟ್ಟಿ ವೈನಿಗೆ ಗಾಳಿ ಔಷಧಿ, ಸೊರಗಿದ ವೈನಿಗೆ ಅದೇ ಗಾಳಿ ಕೊನೆಯ ಪೆಟ್ಟು. ನವೆಂಬರ್‌ನ ಪರೀಕ್ಷೆ ಇದನ್ನೇ ಹೇಳಿತ್ತು. ಹೇಳಿದ್ದನ್ನು ನಾನು ಪಾಲಿಸಲಿಲ್ಲ.

ಎರಡನೆಯದನ್ನು ಫೆಬ್ರವರಿಯಲ್ಲಿ ಅವರೇ ತೆಗೆದು ಫೋನ್ ಮಾಡಿದರು. "ಇದು ಪೂರ್ತಿ ಮುದಿಯಾಗಿದೆ" ಎಂದರು. ವಾಸನೆ ಹೇಗಿದೆ ಎಂದರೆ, ಮಳೆಗಾಲದಲ್ಲಿ ಉಗ್ರಾಣದ ಮೂಲೆಯ ಗೋಣಿಚೀಲದ ಮುಗ್ಗಲು ಎಂದರು. ಅದು ಮುಪ್ಪಲ್ಲ. ಟ್ರೈಕ್ಲೋರೋಅನಿಸೋಲ್ ಎಂಬ ವಸ್ತು ಕಾರ್ಕಿನಿಂದ ವೈನಿಗೆ ಇಳಿದಿತ್ತು, ಒಂದು ಲೀಟರಿಗೆ ಕೆಲವೇ ನ್ಯಾನೋಗ್ರಾಂ ಇದ್ದರೂ ಮೂಗಿಗೆ ಬಡಿಯುತ್ತದೆ. ಅಂಥ ಬಾಟಲಿಯಿಂದ ಇಡೀ ಪೆಟ್ಟಿಗೆಯ ವಯಸ್ಸನ್ನು ಅಳೆಯಬಾರದು. ಎಷ್ಟೋ ಸಂಗ್ರಹಕಾರರು ಹೀಗೆ ಒಂದು ಮುಗ್ಗಲು ಬಾಟಲಿ ನೋಡಿ ಹೆದರಿ, ಉಳಿದ ಹನ್ನೊಂದನ್ನು ಅರೆಬೆಲೆಗೆ ಕೊಟ್ಟಿದ್ದಾರೆ.

ಮೂರನೆಯದು ಯುಗಾದಿಯ ಮರುದಿನ, ಹೊಸತೊಡಕಿಗೆ. ಈ ಸಲ ನನ್ನ ಮಾತು ಸರಳವಾಗಿತ್ತು: ಹೂಜಿ ಬೇಡ, ಊಟಕ್ಕೆ ಕೂತ ಮೇಲೆ ತೆಗೆಯಿರಿ, ಬಾಟಲಿ ಅಲುಗಿಸದೆ ನೇರ ಲೋಟಕ್ಕೆ ಬಗ್ಗಿಸಿ, ಖಾರದ ಸಾರಿಗೆ ಮೊದಲು ಕುಡಿದು ಮುಗಿಸಿ. ಖಾರವಿಲ್ಲದೆ ಉಪ್ಪು, ಮೆಣಸು, ಬೆಣ್ಣೆಯಲ್ಲಿ ಹುರಿದ ಕುರಿಮರಿ ಮಾಂಸವನ್ನು ಅವರ ಮನೆಯವರು ಮೊದಲು ಬಡಿಸಿದರು. ಒಂದು ಗಂಟೆ ಆ ವೈನ್ ಅದ್ಭುತವಾಗಿತ್ತಂತೆ. "ಹತ್ತರಲ್ಲಿ ನನಗೆ ಇದೇ ಸೇರಿದ್ದು" ಎಂದು ಅವರು ಇವತ್ತಿಗೂ ಹೇಳುತ್ತಾರೆ. ಮೃದು, ತೆಳು, ಒಣ ಎಲೆಯ ಘಮದ ಮುದಿ ವೈನ್ ಅವರ ನಾಲಗೆಗೆ ಹದ. ಡಾಕ್ಟರಿಗೆ ಅದು ಹದ ಮೀರಿದ್ದು. ಒಂದೇ ಮನೆಯಲ್ಲಿ ಅನ್ನದ ಹದದ ಬಗ್ಗೆ ಇಬ್ಬರು ಒಪ್ಪದಿರುವ ಹಾಗೆ. ಅಂದಿನಿಂದ ಯಾರಿಗಾದರೂ ಸಲಹೆ ಕೊಡುವ ಮೊದಲು, ನಿಮಗೆ ಹಣ್ಣು ಇಷ್ಟವೋ, ಎಲೆ ಇಷ್ಟವೋ ಎಂದು ಕೇಳುತ್ತೇನೆ.

ಮದುವೆ, ಮತ್ತು ಆಮೇಲಿನ ಮೂರು

2017ರ ಜುಲೈ. ಮನೆಯ ಹಿರಿಯರು, ಬೀಗರು ಸೇರಿ ಹನ್ನೆರಡು ಜನರ ಊಟ. ಎರಡು ಬಾಟಲಿಗಳನ್ನು ಮೂರು ಗಂಟೆ ಮೊದಲೇ ಹೂಜಿಗೆ ಬಗ್ಗಿಸಿ, 17 ಡಿಗ್ರಿಗೆ ತಂದು, ಕುರಿಮರಿ ಮಾಂಸದ ಜತೆ, ಮಾಂಸ ತಿನ್ನದವರಿಗೆ ಅಣಬೆ ಮತ್ತು ಗಟ್ಟಿ ಚೀಸಿನ ಜತೆ ಕೊಟ್ಟೆವು. ಒಬ್ಬೊಬ್ಬರಿಗೆ ಅರ್ಧ ಲೋಟವೂ ಇರಲಿಲ್ಲ. ಮಗಳು ಲೋಟವನ್ನು ಬಹಳ ಹೊತ್ತು ಕೈಯಲ್ಲೇ ಹಿಡಿದಿದ್ದಳು. "ಅಪ್ಪ, ಇದು ಅದೇ ವೈನಾ?" ಎಂದು ಕೇಳಿದಾಗ ಡಾಕ್ಟರು ನನ್ನ ಕಡೆ ನೋಡಿದರು. ಹತ್ತು ವರ್ಷಗಳ ಹಿಂದಿನ ಆ ಎರಡು ಗುಟುಕು ಇಬ್ಬರಿಗೂ ನೆನಪಿತ್ತು.

ನನಗೆ ಆ ದಿನ ಇನ್ನೊಂದು ವಿಷಯ ತಟ್ಟಿತು. ವೈನ್ ನಾನು ಅಂದುಕೊಂಡದ್ದಕ್ಕಿಂತ ಮುಂದೆ ಬಂದಿತ್ತು. ಎಂಟು ತಿಂಗಳಲ್ಲಿ ಅಷ್ಟು ಬದಲಾವಣೆ ಸಾಧ್ಯವಿಲ್ಲ. ನನ್ನ ಟಿಪ್ಪಣಿ ತೆಗೆದು ನೋಡಿದಾಗ ಕಾರಣ ಸಿಕ್ಕಿತು: ನವೆಂಬರ್‌ನಲ್ಲಿ ಬಾಟಲಿ ತಣ್ಣನೆಯ ಕೋಣೆಯಲ್ಲಿ ನಿಂತಿತ್ತು, ಲೋಟಕ್ಕೆ ಬಿದ್ದಾಗ 13 ಅಥವಾ 14 ಡಿಗ್ರಿ ಇದ್ದಿರಬೇಕು, ನಾನು ಅಳೆದಿರಲಿಲ್ಲ. ತಣ್ಣಗಿದ್ದಷ್ಟೂ ಒಗರು ಹೆಚ್ಚು ಗಡಸಾಗಿ ಕಾಣುತ್ತದೆ. ಎರಡನೆಯ ದಿನ ಅಡುಗೆಮನೆಯ ಬೆಚ್ಚಗಿನಲ್ಲಿ ಅದು ಮೃದುವಾದದ್ದನ್ನು ಪೂರ್ತಿ ಗಾಳಿಯ ಲೆಕ್ಕಕ್ಕೆ ಬರೆದುಬಿಟ್ಟಿದ್ದೆ. ಹಣ್ಣು ಕೊನೆಗೆ ಉಳಿಯುತ್ತದೆ ಎಂಬ ತೀರ್ಮಾನ ಸರಿ ಇತ್ತು, ಎಷ್ಟು ವರ್ಷ ಕಾಯಬೇಕು ಎಂಬ ಅಂದಾಜು ಮಾತ್ರ ತಪ್ಪಿತ್ತು. ಆಮೇಲೆ ಉಷ್ಣಮಾಪಕವಿಲ್ಲದೆ ಯಾವ ಹಳೆಯ ವೈನಿನ ಬಗ್ಗೆಯೂ ನಾನು ತೀರ್ಪು ಕೊಟ್ಟಿಲ್ಲ.

ಹಾಗಾಗಿ 2022ರವರೆಗೆ ಕಾಯಲಿಲ್ಲ. 2021ರಲ್ಲಿ ಡಾಕ್ಟರ ನಿವೃತ್ತಿಗೆ ಒಂದು ತೆಗೆದೆವು. ಈ ಪೆಟ್ಟಿಗೆಯಲ್ಲಿ ನಾನು ಕುಡಿದ ಅತ್ಯುತ್ತಮ ಬಾಟಲಿ ಅದು. ತೆಗೆದ ಇಪ್ಪತ್ತು ನಿಮಿಷಕ್ಕೆ ಸೀಸದಕಡ್ಡಿ, ದೇವದಾರು, ಆಮೇಲೆ ಕಪ್ಪು ಹಣ್ಣು, ಒಗರು ಇದೆ ಎಂದು ಗೊತ್ತಾಗುವಷ್ಟು ಮಾತ್ರ, ರೇಷ್ಮೆ ಸೀರೆಯ ಅಂಚಿನ ಜರಿಯಂತೆ ಬೆರಳಿಗೆ ತಾಗುವಷ್ಟು. ಮೂರು ಗಂಟೆ ಕುಗ್ಗದೆ ನಿಂತಿತು. 2024ರಲ್ಲಿ ಇನ್ನೊಂದು. ಅದರಲ್ಲಿ ಒಗರು ಪೂರ್ತಿ ಕರಗಿತ್ತು, ಅಣಬೆ, ತರಗೆಲೆಯ ಘಮ ಶುರುವಾಗಿತ್ತು, ಹಣ್ಣು ಸಿಹಿಯಾಗಿ ಕೊನೆಯವರೆಗೂ ಇತ್ತು. ಆದರೆ ಎರಡು ಗಂಟೆಯ ನಂತರ ಸ್ವಲ್ಪ ಕುಗ್ಗಿತು. ಅವರ ಮನೆಯವರು ಮೊದಲ ಬಾರಿಗೆ ನೆಲಮಾಳಿಗೆಯ ಬಾಟಲಿಯನ್ನು ಮೆಚ್ಚಿಕೊಂಡರು. ಡಾಕ್ಟರು 2021ರದ್ದೇ ಮೇಲು ಎಂದರು. ನಾನೂ ಅವರ ಪಕ್ಷ.

ಈಗ ಉಳಿದಿರುವುದು ಒಂದು. ನೆಲಮಾಳಿಗೆಗೆ ಹೋಗಿ ನೋಡಿ ಬಂದಿದ್ದೇನೆ. ಮಟ್ಟ ಕತ್ತಿನ ಬುಡದಿಂದ ಒಂದು ನೂಲಿನಷ್ಟು ಇಳಿದಿದೆ, ಕಾರ್ಕಿನ ಸುತ್ತ ಸೋರಿಕೆಯ ಗುರುತಿಲ್ಲ. ಇನ್ನೂ ಹತ್ತು ವರ್ಷ ಬಾಳಬಹುದೇ ಎಂದು ಡಾಕ್ಟರು ಕೇಳಿದರು. ಬಾಳಬಹುದು. ಆದರೆ 2024ರ ಬಾಟಲಿ ಎರಡು ಗಂಟೆಗೆ ಕುಗ್ಗಿದ್ದನ್ನು ನಾನು ಮರೆತಿಲ್ಲ, ಮತ್ತು ಇನ್ನು ಮುಂದೆ ಕೇಳಿ ತಿಳಿಯಲು ಜತೆಯ ಬಾಟಲಿ ಇಲ್ಲ. 2026ರ ಅಕ್ಟೋಬರ್‌ನಲ್ಲಿ ಮಗಳಿಗೆ ನಲವತ್ತು ತುಂಬುತ್ತದೆ. ಹುಟ್ಟುಹಬ್ಬಕ್ಕೆ ಎರಡು ವಾರ ಮೊದಲೇ ಬಾಟಲಿಯನ್ನು ಮನೆಗೆ ತರಿಸಿ, ಮೆಟ್ಟಿಲ ಕೆಳಗಲ್ಲ, ಉತ್ತರ ದಿಕ್ಕಿನ ತಣ್ಣನೆಯ ಕೋಣೆಯಲ್ಲಿ ನೆಟ್ಟಗೆ ನಿಲ್ಲಿಸಲು ಹೇಳಿದ್ದೇನೆ. ಅರ್ಧ ಗಂಟೆ ಮೊದಲು ತೆಗೆಯಬೇಕು, ಹೂಜಿ ಬೇಡ. ಮಟನ್ ಸಾರು ಆಮೇಲೆ.